ಮನೆ, ಶಿಶುವಿಹಾರ, ಅಂಗನವಾಡಿ: ಮೂರನ್ನೂ ನೋಡಿದ ಮೇಲೆ

ದೊಡ್ಡವಳನ್ನು ನಾಲ್ಕು ತುಂಬುವವರೆಗೆ ಮನೆಯಲ್ಲೇ ಇಟ್ಟುಕೊಂಡು ಆಮೇಲೆ ಊರಿನ ಅಂಗನವಾಡಿಗೆ ಕಳಿಸಿದೆವು. ಚಿಕ್ಕವನನ್ನು ಮೂರಕ್ಕೇ ಶಿರಸಿ ಪೇಟೆಯ ಖಾಸಗಿ ಶಿಶುವಿಹಾರಕ್ಕೆ ಸೇರಿಸಿ, ಐದು ತಿಂಗಳಿಗೆ ಬಿಡಿಸಿ, ಅದೇ ಅಂಗನವಾಡಿಗೆ ಹಾಕಿದೆವು. ಶಾಲೆಗೆ ಮುಂಚಿನ ವರ್ಷಗಳಿಗೆ ಯಾವುದು ಒಳ್ಳೆಯದು ಎಂದು ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಸ್ಪಷ್ಟ: ಅರ್ಧ ದಿನ ಅಂಗನವಾಡಿ, ಅರ್ಧ ದಿನ ಮನೆ.

ಮನೆಯ ಕಲಿಕೆಯನ್ನು ಕಡಿಮೆ ಎಣಿಸಬೇಡಿ. ಅಡಿಕೆ ಸುಲಿಯುವ ದಿನಗಳಲ್ಲಿ ಮಗಳು ಅಜ್ಜನ ಪಕ್ಕ ಕೂತು ಚಾಲಿ (ಒಣಗಿಸಿ ಸುಲಿದ ಒಳ್ಳೆಯ ಅಡಿಕೆ) ಒಂದು ಬುಟ್ಟಿಗೆ, ಕೋಕಾ (ಕೆಳದರ್ಜೆಯದು) ಇನ್ನೊಂದಕ್ಕೆ ಹಾಕುತ್ತಿದ್ದಳು. ಅನುಮಾನ ಬಂದ ಅಡಿಕೆಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ ಅಜ್ಜನ ಮುಂದೆ ಚಾಚುತ್ತಿದ್ದಳು. ಅಜ್ಜ ತಲೆಯಾಡಿಸಿದ ಮೇಲೆಯೇ ಅದು ಬುಟ್ಟಿಗೆ ಬೀಳುತ್ತಿತ್ತು. ಎಣಿಕೆ, ವಿಂಗಡಣೆ, ತಾಳ್ಮೆ ಎಲ್ಲವೂ ಅದರಲ್ಲಿತ್ತು.

ಆದರೆ ನಮ್ಮದು ತೋಟದ ನಡುವಿನ ಒಂಟಿ ಮನೆ, ಅವಳ ಓರಗೆಯ ಮಕ್ಕಳು ಸುತ್ತ ಯಾರೂ ಇಲ್ಲ. ಅಂಗನವಾಡಿಯ ಮೊದಲ ದಿನ ಇನ್ನೊಂದು ಮಗು ಅವಳ ಲೋಟ ಕಿತ್ತುಕೊಂಡಿತು. ಅವಳು ಅಳಲಿಲ್ಲ, ಕೇಳಲೂ ಇಲ್ಲ, ಖಾಲಿ ಕೈ ಹಾಗೇ ಚಾಚಿಕೊಂಡು ನನ್ನನ್ನೇ ನೋಡಿದಳು. ಕೇಳಿ ಪಡೆಯುವ ಸಂದರ್ಭವೇ ಮನೆಯಲ್ಲಿ ಬಂದಿರಲಿಲ್ಲ. ಅದನ್ನು ಕಲಿಯಲು ಎರಡು ತಿಂಗಳು ಹಿಡಿಯಿತು. ಆ ಕೊರತೆಯನ್ನು ನಾನು ಮೊದಲೇ ಕಾಣಬೇಕಿತ್ತು.

ಅದಕ್ಕೇ ಚಿಕ್ಕವನಿಗೆ ಅವಸರ ಮಾಡಿದೆವು. ಶಿಶುವಿಹಾರದಲ್ಲಿ ಆಟಿಕೆ ಧಾರಾಳ, ಶೌಚಾಲಯ ಸ್ವಚ್ಛ, ಶಿಕ್ಷಕಿಯರು ಪ್ರೀತಿಯವರೇ. ತೊಂದರೆ ಇದ್ದದ್ದು ದಾರಿಯಲ್ಲಿ ಮತ್ತು ಭಾಷೆಯಲ್ಲಿ. ಹನ್ನೆರಡು ಕಿಲೋಮೀಟರ್ ದೂರಕ್ಕೆ ವ್ಯಾನ್ ಊರೂರು ಸುತ್ತಿ ಒಂದು ಗಂಟೆ ತೆಗೆದುಕೊಳ್ಳುತ್ತಿತ್ತು. ಆಷಾಢದ ಮಳೆಯಲ್ಲಿ ಇನ್ನೂ ಹೆಚ್ಚು. ಸಂಜೆ ಅವನನ್ನು ನಿದ್ದೆಯಲ್ಲೇ ಎತ್ತಿ ಇಳಿಸಿಕೊಳ್ಳುತ್ತಿದ್ದೆ. ನೀರಿನ ಬಾಟಲಿ ಮಾತ್ರ ಬೆಳಿಗ್ಗೆ ತುಂಬಿದಂತೆಯೇ ವಾಪಸು ಬರುತ್ತಿತ್ತು. ಮುಚ್ಚಳ ತೆಗೆದುಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಅವನು ಬಾಯಾರಿಕೊಂಡೇ ಕೂತಿರುತ್ತಿದ್ದ ಎಂದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಿಡಿಸಿದ್ದು ಅದಕ್ಕಾಗಿಯೇ. ಕಟ್ಟಿದ ಶುಲ್ಕ ಹೋದರೆ ಹೋಗಲಿ ಎಂದುಕೊಂಡೆವು.

ಅಂಗನವಾಡಿಗೆ ತೋಟದ ದಾರಿಯಲ್ಲಿ ಹತ್ತು ನಿಮಿಷದ ನಡಿಗೆ. ಶುಲ್ಕವಿಲ್ಲ, ಹಾಲು, ಊಟ ಅಲ್ಲೇ. ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಇರುವುದನ್ನು ಕೆಲವರು ಕೊರತೆ ಎನ್ನುತ್ತಾರೆ, ನನಗೆ ಅದೇ ಹೆಚ್ಚು ಇಷ್ಟ. ಚಿಕ್ಕವನಿಗೆ ಚಪ್ಪಲಿ ಹಾಕಲು ಕಲಿಸಿದ್ದು ಐದು ವರ್ಷದ ಹುಡುಗಿ. ನಿಜವಾದ ಕೊರತೆ ಬೇರೆಯೇ ಇದೆ. ಕಲಿಸುವ ಅಕ್ಕೋರು ಒಬ್ಬರೇ. ಬಸುರಿ-ಬಾಣಂತಿಯರ ಲೆಕ್ಕ, ಮಕ್ಕಳ ತೂಕ, ಮನೆ ಭೇಟಿ, ಮೇಲಿಂದ ಸಮೀಕ್ಷೆ ಎಲ್ಲವೂ ಅವರ ತಲೆಯ ಮೇಲೆಯೇ. ಅಂಥ ದಿನ ಕಲಿಕೆ ನಡೆಯುವುದಿಲ್ಲ. ಜೋರು ಮಳೆಗೆ ರಜೆ ಘೋಷಿಸಿದರೆ ಅಂಗನವಾಡಿಯೇ ಇಲ್ಲ. ಆ ದಿನಗಳನ್ನು ಮನೆಯೇ ತುಂಬಬೇಕು.

ಅಕ್ಷರ ಹಿಂದೆ ಬೀಳುತ್ತದೆ ಎಂಬ ಭಯ ನಮಗೂ ಇತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತವಾಗಿ ಎಣಿಸುತ್ತದೆ, ಅದರಲ್ಲಿ ಆಟಕ್ಕೇ ಮೊದಲ ಸ್ಥಾನ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ತುರುಕುವ ತುರ್ತು ಯಾರಿಗಿದೆ?

ಕಾರವಾರದಲ್ಲಿ ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ನನ್ನ ತಂಗಿಗೆ ಈ ಲೆಕ್ಕ ಹೊಂದುವುದಿಲ್ಲ, ಅವಳಿಗೆ ಇಡೀ ದಿನದ ಶಿಶುವಿಹಾರ ಬೇಕೇ ಬೇಕು. ಅವಳಿಗೆ ಎರಡೇ ಮಾತು ಹೇಳಿದೆ: ಸೇರಿಸುವ ಮೊದಲು ಒಂದು ದಿನ ಆ ವ್ಯಾನಿನಲ್ಲಿ ನೀನೇ ಕೂತು ಹೋಗಿ ಬಾ; ಮಗು ಮನೆಮಾತಿನಲ್ಲಿ ನೀರು ಕೇಳಿದರೆ ಅಲ್ಲಿ ಯಾರಿಗೆ ತಿಳಿಯುತ್ತದೆ ಎಂದು ವಿಚಾರಿಸು.