ಐಐಎಸ್ ಕಾಯಲು ಝಾಬಿಕ್ಸ್: ಪೂಲ್‌ಗೆ ಸೈ, ಸೈಟ್‌ಗೆ ಅರೆಬರೆ

ಮಂಗಳೂರು, ಉಡುಪಿ ಕಡೆಯ ಕಾಲೇಜು, ಸಹಕಾರಿ ಸಂಘಗಳ ವಿಂಡೋಸ್ ಸರ್ವರ್ ನೋಡಿಕೊಳ್ಳುವವರಿಗೆ, ಅದರಲ್ಲಿ ಸೈಟ್ ನಡೆಸುವ ಐಐಎಸ್ ಎಂಬ ವೆಬ್ ಸರ್ವರನ್ನು ಕಾಯಲು ಝಾಬಿಕ್ಸ್ ಎಂಬ ಮಾನಿಟರಿಂಗ್ ತಂತ್ರಾಂಶ ಆದೀತೇ ಎಂದರೆ, ಆದೀತು. ಲೈಸೆನ್ಸ್‌ಗೆ ದುಡ್ಡಿಲ್ಲ, ಪೂಲ್ (ಸೈಟ್‌ಗಳ ಕೋಡ್ ಓಡುವ, ಐಐಎಸ್‌ನ ಪ್ರತ್ಯೇಕ ವಿಭಾಗ) ಬಿದ್ದರೆ ಒಂದೆರಡು ನಿಮಿಷದಲ್ಲಿ ಮೊಬೈಲಿಗೆ ಸುದ್ದಿ ಬರುತ್ತದೆ. ಆದರೆ ಇನ್‌ಸ್ಟಾಲ್ ಮಾಡಿ ಹಾಗೆಯೇ ಬಿಟ್ಟರೆ ಬೇಡದ್ದಕ್ಕೆಲ್ಲ ಕೂಗುತ್ತದೆ, ಬೇಕಾದ ಹೊತ್ತಿಗೆ ಸುಮ್ಮನಿರುತ್ತದೆ. 6.0 ಆವೃತ್ತಿಯಿಂದ 7.0 ವರೆಗೆ ಬಳಸಿದ ಅನುಭವದ ಮೇಲೆ ಈ ಮಾತು. ಝಾಬಿಕ್ಸ್ ಸರ್ವರ್ ಲಿನಕ್ಸ್ ಅಥವಾ ಯುನಿಕ್ಸ್ ಬಗೆಯ ಸಿಸ್ಟಮ್‌ನಲ್ಲೇ ಓಡಬೇಕು. ವಿಂಡೋಸ್‌ನಲ್ಲಿ ಕೂರುವುದು ಅದಕ್ಕೆ ಮಾಹಿತಿ ಕೊಡುವ ಏಜೆಂಟ್ ಮಾತ್ರ.

ಝಾಬಿಕ್ಸ್‌ನ ಐಐಎಸ್ ಟೆಂಪ್ಲೇಟ್ (ಏನೇನು ನೋಡಬೇಕೆಂಬ ಸಿದ್ಧ ಪಟ್ಟಿ) ಜೋಡಿಸಿದರೆ ಸರ್ವರ್‌ನ ಅಪ್ಲಿಕೇಶನ್ ಪೂಲ್‌ಗಳನ್ನು ಅದೇ ಹುಡುಕಿ ಪಟ್ಟಿಗೆ ಸೇರಿಸುತ್ತದೆ. ಪಟ್ಟಿ ಖಾಲಿ ಬಂದರೆ ಏಜೆಂಟನ್ನು ಬೈಯಬೇಡಿ. ಹುಡುಕಾಟ ವಿಂಡೋಸ್‌ನ ಒಳಮಾಹಿತಿ ಕೊಡುವ ಡಬ್ಲ್ಯುಎಂಐ ಮೂಲಕ ನಡೆಯುತ್ತದೆ, ಅದಕ್ಕೆ ವಿಂಡೋಸ್‌ನ ರೋಲ್ ಪಟ್ಟಿಯಲ್ಲಿ 'ಐಐಎಸ್ ಮ್ಯಾನೇಜ್‌ಮೆಂಟ್ ಸ್ಕ್ರಿಪ್ಟ್ಸ್ ಆ್ಯಂಡ್ ಟೂಲ್ಸ್' ಟಿಕ್ ಆಗಿರಬೇಕು. ಅದೊಂದು ಇದ್ದರೆ ಸಾಕು. ಪೂಲ್‌ನ ಸ್ಥಿತಿ ಪರ್ಫಾರ್ಮೆನ್ಸ್ ಕೌಂಟರ್‌ನಿಂದ ಅಂಕಿಯಾಗಿ ಬರುತ್ತದೆ: 3 ಬಂದರೆ ಓಡುತ್ತಿದೆ, 5 ಬಂದರೆ ನಿಂತಿದೆ. 3 ಬಿಟ್ಟು ಬೇರೇನು ಬಂದರೂ ಅಲರ್ಟ್.

ಈ ಭಾಗ ನಂಬಿಕಸ್ತ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪೂಲ್‌ನ ಕೆಲಸ ಮಾಡುವ ವರ್ಕರ್ ಪ್ರಾಸೆಸ್ ಇದೆಯೋ ಇಲ್ಲವೋ ಎಂದು ಎಣಿಸುವ ಸ್ಕ್ರಿಪ್ಟ್‌ಗಳಿಗಿಂತ ನೂರು ಪಾಲು ಮೇಲು. ಯಾಕೆಂದರೆ 20 ನಿಮಿಷ ಯಾರೂ ಬರದಿದ್ದರೆ ಐಐಎಸ್ ತಾನಾಗಿಯೇ ಪ್ರಾಸೆಸ್ ಮುಚ್ಚಿಬಿಡುತ್ತದೆ. ಪೂಲ್ ಆರೋಗ್ಯವಾಗಿಯೇ ಇರುತ್ತದೆ, ಪ್ರಾಸೆಸ್ ಮಾತ್ರ ಇರುವುದಿಲ್ಲ. ಎಣಿಸುವ ಸ್ಕ್ರಿಪ್ಟ್ ರಾತ್ರಿಯಿಡೀ ಸುಳ್ಳು ಹೇಳುತ್ತದೆ.

ಪೂಲ್ ನಿಜವಾಗಿ ನಿಲ್ಲುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ರಾಪಿಡ್ ಫೇಲ್ ಪ್ರೊಟೆಕ್ಷನ್: 5 ನಿಮಿಷದೊಳಗೆ 5 ಸಲ ಕ್ರ್ಯಾಶ್ ಆದರೆ ಐಐಎಸ್ ಪೂಲನ್ನೇ ನಿಲ್ಲಿಸುತ್ತದೆ, ಬಂದವರಿಗೆಲ್ಲ 503 (ಸೇವೆ ಲಭ್ಯವಿಲ್ಲ ಎಂಬ ಎರರ್) ಸಿಗುತ್ತದೆ, ಸಿಸ್ಟಮ್ ಇವೆಂಟ್ ಲಾಗ್‌ನಲ್ಲಿ 5002 ನಂಬರಿನ ದಾಖಲೆ ಬೀಳುತ್ತದೆ. ಇನ್ನೊಂದು, ಪೂಲ್‌ಗೆ ಕೊಟ್ಟ ಡೊಮೇನ್ ಅಕೌಂಟ್‌ನ ಪಾಸ್‌ವರ್ಡ್ ಯಾರೋ ಬದಲಿಸಿರುತ್ತಾರೆ, ಐಐಎಸ್‌ನಲ್ಲಿ ಹಳೆಯದೇ ಉಳಿದಿರುತ್ತದೆ. ಬದಲಿಸಿದ ದಿನ ಏನೂ ಆಗುವುದಿಲ್ಲ, ಮುಂದಿನ ರೀಸೈಕಲ್‌ಗೆ (ಹಳೆ ಪ್ರಾಸೆಸ್ ಮುಚ್ಚಿ ಹೊಸದು ಏಳುವಾಗ) ಢಮಾರ್. ಈ 503 ಸೈಟ್‌ನ ಮಾಮೂಲಿ ಲಾಗ್‌ನಲ್ಲಿ ಇರುವುದಿಲ್ಲ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಉತ್ತರ ಕೊಟ್ಟದ್ದು ಸೈಟ್ ಅಲ್ಲ, ಕರ್ನಲ್‌ನಲ್ಲಿರುವ ಎಚ್‌ಟಿಟಿಪಿ ಡ್ರೈವರ್. ಅದರ ಲಾಗ್ ಸಿಸ್ಟಮ್32ರ ಲಾಗ್‌ಫೈಲ್ಸ್ ಫೋಲ್ಡರಿನಲ್ಲಿ, ಎಚ್‌ಟಿಟಿಪಿಇಆರ್‌ಆರ್ ಎಂಬ ಹೆಸರಿನಡಿ ಉಂಟು. ಝಾಬಿಕ್ಸ್‌ನಿಂದ ಆ ಲಾಗನ್ನೂ 5002ನ್ನೂ ಓದಿಸಿ. ಲಾಗ್ ಓದಲು ಏಜೆಂಟ್ ಆ್ಯಕ್ಟಿವ್ ಮೋಡ್‌ನಲ್ಲಿ (ತಾನಾಗಿಯೇ ಕಳಿಸುವಂತೆ) ಇರಬೇಕು, ಪ್ಯಾಸಿವ್ ಇಟ್ಟು ಕಾಯುತ್ತಾ ಕೂತರೆ ಏನೂ ಬರುವುದಿಲ್ಲ.

ಕಿರಿಕಿರಿ ರೀಸೈಕಲ್ ಅಲರ್ಟ್‌ನದ್ದು. ಐಐಎಸ್‌ನ ಡಿಫಾಲ್ಟ್ ರೀಸೈಕಲ್ 1740 ನಿಮಿಷ, ಅಂದರೆ 29 ಗಂಟೆ. ದಿನಕ್ಕೆ 5 ಗಂಟೆ ಮುಂದೆ ಸರಿಯುತ್ತಾ ಒಂದು ದಿನ ಬೆಳಿಗ್ಗೆ 11ಕ್ಕೆ, ಕೌಂಟರಿನಲ್ಲಿ ಸಾಲು ನಿಂತಿರುವಾಗ ಬರುತ್ತದೆ. ಪೂಲ್‌ಗಳು ಹತ್ತಿಪ್ಪತ್ತಿದ್ದರೆ ಅಲರ್ಟ್‌ಗಳ ಮಳೆಯೇ ಸರಿ. ಅಲರ್ಟ್ ಬಂದ್ ಮಾಡುವುದು ಮದ್ದಲ್ಲ. 1740ನ್ನು 0 ಮಾಡಿ, ಬೆಳಗಿನ ಜಾವ 3ಕ್ಕೆ ನಿಗದಿ ಮಾಡಿ, ಆಮೇಲೆ ಹಗಲು ಬರುವ ರೀಸೈಕಲ್ ಅಲರ್ಟ್‌ಗೆ ಅರ್ಥ ಇರುತ್ತದೆ.

ಇನ್ನು ಸೈಟ್. ಟೆಂಪ್ಲೇಟ್ ಪೂಲ್‌ಗಳನ್ನು ಹುಡುಕುತ್ತದೆ, ಸೈಟ್‌ಗಳನ್ನು ಒಂದೊಂದಾಗಿ ಹುಡುಕುವುದಿಲ್ಲ. ಕೊಡುವುದು ಒಟ್ಟು ಲೆಕ್ಕ ಮಾತ್ರ. ಪೂಲ್ ಹಸಿರು, ಸೈಟ್ ಮಾತ್ರ ಸ್ಟಾಪ್: ಇದು ದಿನನಿತ್ಯದ ಕಥೆ. ಹೊರಗಿನಿಂದ 200 (ಎಲ್ಲ ಸರಿ ಎಂಬ ಉತ್ತರ) ಬರುತ್ತದೆಯೇ ಎಂದು ನೋಡಿದರೂ ಮೋಸ ಹೋಗಬಹುದು. ಅದೇ ಪೋರ್ಟ್‌ನಲ್ಲಿ ಡಿಫಾಲ್ಟ್ ವೆಬ್ ಸೈಟ್ ಹೋಸ್ಟ್ ಹೆಸರಿಲ್ಲದೆ ಓಡುತ್ತಿದ್ದರೆ, ನಿಂತ ಸೈಟ್‌ಗೆ ಬಂದವರಿಗೆಲ್ಲ ಅದೇ ನೀಲಿ ಐಐಎಸ್ ಪುಟ ತೋರಿಸಿ 200 ಕೊಡುತ್ತದೆ. ಆದ್ದರಿಂದ ಝಾಬಿಕ್ಸ್ ಪುಟ ತೆರೆದು ನೋಡುವ ವೆಬ್ ಸಿನಾರಿಯೋದಲ್ಲಿ ಸ್ಟೇಟಸ್ ಕೋಡ್ ಜೊತೆಗೆ 'ರಿಕ್ವೈರ್ಡ್ ಸ್ಟ್ರಿಂಗ್' (ಪುಟದಲ್ಲಿ ಇರಲೇಬೇಕಾದ ಪದ) ತುಂಬಲೇಬೇಕು. ಲಾಗಿನ್ ಪುಟದ ಫೂಟರ್‌ನ ಒಂದು ಪದ ಸಾಲದು, ಡೇಟಾಬೇಸ್‌ನಿಂದ ಬರುವ ಏನಾದರೂ ಹಾಕಿ: ಶಾಖೆಯ ಹೆಸರೋ, ಕೋರ್ಸ್ ಹೆಸರೋ. ಡೇಟಾಬೇಸ್ ಸತ್ತದ್ದೂ ಆಗ ಗೊತ್ತಾಗುತ್ತದೆ.

ಒಳಗಿನಿಂದಲೂ ನೋಡಬೇಕೆಂದರೆ ಪವರ್‌ಶೆಲ್‌ನ ಗೆಟ್-ವೆಬ್‌ಸೈಟ್ ಕಮಾಂಡನ್ನು ಯೂಸರ್ ಪ್ಯಾರಾಮೀಟರ್ (ಏಜೆಂಟ್ ಓಡಿಸುವ ನಮ್ಮದೇ ಕಮಾಂಡ್) ಮಾಡಿ. ಸೈಟ್‌ಗೊಂದರಂತೆ ಕರೆದರೆ ಪವರ್‌ಶೆಲ್ ಏಳುವುದರಲ್ಲೇ ಸಿಪಿಯು ಬಳಲುತ್ತದೆ, ಏಜೆಂಟ್‌ನ 3 ಸೆಕೆಂಡ್ ಟೈಮ್‌ಔಟ್ ಮೀರುತ್ತದೆ. ಎಲ್ಲ ಸೈಟ್‌ಗಳ ಸ್ಥಿತಿಯನ್ನು ಒಂದೇ ಜೇಸನ್‌ನಲ್ಲಿ ತರಿಸಿ, ಡಿಪೆಂಡೆಂಟ್ ಐಟಂಗಳಾಗಿ (ಅದೇ ಉತ್ತರದಿಂದ ಸೈಟ್‌ಗೊಂದು ಬಿಡಿ ಮಾಹಿತಿ) ಒಡೆಯಿರಿ; ಟೈಮ್‌ಔಟ್ 10 ಸೆಕೆಂಡ್‌ಗೆ ಏರಿಸಿ. ಅಂದಹಾಗೆ, ನಿಮಿಷಕ್ಕೊಮ್ಮೆ ವೆಬ್ ಚೆಕ್ ಹೋಗುವ ಪೂಲ್ ಎಂದೂ ಮಲಗುವುದಿಲ್ಲ. 'ಬೆಳಿಗ್ಗೆ ಮೊದಲ ಲಾಗಿನ್ ನಿಧಾನ' ಎಂಬ ದೂರು ಝಾಬಿಕ್ಸ್ ಹಾಕಿದ ದಿನವೇ ನಿಂತರೆ ಕಾರಣ ಇಷ್ಟೇ, ಪವಾಡವೇನಲ್ಲ.

ಬಿದ್ದ ಪೂಲನ್ನು ತಾನೇ ಎಬ್ಬಿಸುವ ಸೌಲಭ್ಯ ಉಂಟು, ಏಜೆಂಟ್‌ನಲ್ಲಿ ರಿಮೋಟ್ ಕಮಾಂಡ್‌ಗೆ ಅನುಮತಿ ಕೊಡಬೇಕು. ಡಿಫಾಲ್ಟ್ ಆಗಿ ಅದು ಬಂದ್ ಇರುವುದು ಒಳ್ಳೆಯದೇ. ಪೂರ್ತಿ ತೆರೆಯಬೇಡಿ, ಪೂಲ್ ಸ್ಟಾರ್ಟ್ ಮಾಡುವ ಆ ಒಂದೇ ಕಮಾಂಡ್‌ಗೆ ಅನುಮತಿ ಬರೆಯಿರಿ. ಒಂದು ಸಲ ಎಬ್ಬಿಸಿ, ಮತ್ತೆ ಬಿದ್ದರೆ ಮನುಷ್ಯರನ್ನು ಕರೆಯಲಿ. ಎಡೆಬಿಡದೆ ಎಬ್ಬಿಸುವಂತೆ ಮಾಡಿದರೆ ರಾಪಿಡ್ ಫೇಲ್ ಪ್ರೊಟೆಕ್ಷನ್ ಇದ್ದೂ ಇಲ್ಲದಂತೆ, ಮಾರಾಯ್ರೆ. ಇನ್ನೊಂದು ಸಣ್ಣ ವಿಷಯ: ನಿಂತ ಪೂಲ್‌ಗೆ ರೀಸ್ಟಾರ್ಟ್ ಕಮಾಂಡ್ ಕೊಟ್ಟರೆ ಎರರ್ ಬರುತ್ತದೆ, ಸ್ಟಾರ್ಟ್ ಎಂದೇ ಕೊಡಬೇಕು.

ಕರಾವಳಿಯ ಮಳೆಗಾಲಕ್ಕೆ ಬೇರೆ ತಯಾರಿ ಬೇಕು. ಸೈಟ್‌ಗಳು ಕ್ಲೌಡ್‌ನಲ್ಲಿದ್ದು ಝಾಬಿಕ್ಸ್ ಆಫೀಸಿನಲ್ಲಿದ್ದರೆ, ಸಿಡಿಲಿಗೆ ಲಿಂಕ್ ಹೋದ ಕೂಡಲೇ ಎಲ್ಲ ಸೈಟ್ ಕೆಂಪು. ವೆಬ್ ಟ್ರಿಗರ್‌ಗಳನ್ನೆಲ್ಲ (ಅಲರ್ಟ್ ಎಬ್ಬಿಸುವ ನಿಯಮಗಳನ್ನು) ರೂಟರ್‌ನಾಚೆಯ ಪಿಂಗ್ ಟ್ರಿಗರ್‌ಗೆ ಅವಲಂಬಿತ ಮಾಡಿ. ಪಿಂಗ್ ಮೊದಲು ಕೆಂಪಾಗಬೇಕು ಎಂಬುದು ಮುಖ್ಯ: ಪಿಂಗ್ 30 ಸೆಕೆಂಡ್‌ಗೊಮ್ಮೆ, 2 ಸಲ ತಪ್ಪಿದರೆ, ವೆಬ್ ನಿಮಿಷಕ್ಕೊಮ್ಮೆ, 3 ಸಲ ತಪ್ಪಿದರೆ. ಉಲ್ಟಾ ಇಟ್ಟರೆ ಅವಲಂಬನೆ ಇದ್ದೂ ಅಲರ್ಟ್‌ಗಳೆಲ್ಲ ಹೊರಟುಬಿಡುತ್ತವೆ. ಲಿಂಕ್ ಹೋದಾಗ ಆ ಒಂದು ಅಲರ್ಟ್ ಕೂಡ ಆಫೀಸಿನಿಂದ ಹೊರಗೆ ಹೋಗಲಾರದು, ಯುಪಿಎಸ್ ಮುಗಿದರೆ ಝಾಬಿಕ್ಸೇ ಸಾಯುತ್ತದೆ. ಅದನ್ನು ಕಾಯಲು ಊರಿನಾಚೆ ವಿಪಿಎಸ್ ಎಂಬ ಒಂದು ಅಗ್ಗದ ಬಾಡಿಗೆ ಸರ್ವರ್‌ನಿಂದ ಚೆಕ್ ಇರಲಿ.

ಸುದ್ದಿ ಮುಟ್ಟಿಸಲು ಟೆಲಿಗ್ರಾಂ ಸುಲಭ, ಬಾಟ್‌ನ ಟೋಕನ್, ಸುದ್ದಿ ಹೋಗಬೇಕಾದವರ ಚಾಟ್ ಐಡಿ ತುಂಬಿದರೆ ಆಯಿತು. ಎಸ್‌ಎಂಎಸ್ ಗೇಟ್‌ವೇ ಬೇಕೆಂದರೆ ಭಾರತದಲ್ಲಿ ಡಿಎಲ್‌ಟಿ (ಸಂಸ್ಥೆಗಳ ಎಸ್‌ಎಂಎಸ್‌ಗೆ ಇರುವ) ನೋಂದಣಿ, ಹೆಡರ್ (ಕಳಿಸುವವರ ಹೆಸರು), ಟೆಂಪ್ಲೇಟ್ (ಮೆಸೇಜ್‌ನ ಮಾದರಿ) ಮಂಜೂರಾತಿ ಎಲ್ಲ ಆಗಬೇಕು. ಅಲರ್ಟ್‌ನ ಒಕ್ಕಣೆ ಮಂಜೂರಾದ ಟೆಂಪ್ಲೇಟ್‌ಗೆ ಹೊಂದದಿದ್ದರೆ ಮೆಸೇಜ್ ದಾರಿಯಲ್ಲೇ ಕಳೆದುಹೋಗುತ್ತದೆ. ಆದ್ದರಿಂದ ಸರ್ವರ್ ಹೆಸರು, ಪೂಲ್ ಹೆಸರು, ಸಮಯ ಇಷ್ಟನ್ನೇ ವೇರಿಯಬಲ್ ಮಾಡಿ. ಮೊದಲ ಅಲರ್ಟ್ ಡ್ಯೂಟಿಯಲ್ಲಿದ್ದವರಿಗೆ, 10 ನಿಮಿಷದಲ್ಲಿ ಅಕ್ನಾಲೆಜ್ ಆಗದಿದ್ದರೆ ಮೇಲಿನವರಿಗೆ.

ಒಂದೇ ಸರ್ವರ್, ಎರಡು ಸೈಟ್ ಇರುವವರಿಗೆ ಇಷ್ಟೆಲ್ಲ ಹೊರೆ; ಅಪ್‌ಟೈಮ್ ಕುಮಾ ಎಂಬ ಸರಳ ಮಾನಿಟರ್ ಸಾಕು. ಐದಾರು ಸರ್ವರ್ ದಾಟಿದರೆ ಝಾಬಿಕ್ಸ್‌ಗೆ 4 ಅಂಕ. ಸೈಟ್‌ಗಳ ಡಿಸ್ಕವರಿ ಟೆಂಪ್ಲೇಟ್‌ನಲ್ಲೇ ಬಂದ ದಿನ ಐದನೆಯದನ್ನೂ ಕೊಡಬಹುದು.