ಒಸಡು ಹಿಡಿದುಕೊಳ್ಳುವ ಇಂಪ್ಲಾಂಟ್ ಅಂತ ದುಡ್ಡು ಕೊಡುವ ಮೊದಲು

ಹೋದ ಭಾನುವಾರ ಮುಂಬೈಯ ಮಾಟುಂಗದಲ್ಲಿ ನಮ್ಮ ಕಡೆಯವರ ಒಂದು ಮದುವೆ. ಪಂಕ್ತಿಯಲ್ಲಿ ನಾನು ಎಡಗಡೆಯಲ್ಲಿ ಮಾತ್ರ ಅಗಿಯುತ್ತಿದ್ದೆ. ಪಕ್ಕದಲ್ಲಿದ್ದ ಅತ್ತಿಗೆ ಯಾಕೆ ಅಂತ ಕೇಳಿದರು. ಬಲಗಡೆ ಹಾಕಿಸಿದ್ದ ಇಂಪ್ಲಾಂಟ್, ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಲೋಹದ ಸ್ಕ್ರೂ, ಕೆಟ್ಟು ತೆಗೆಸಿದ್ದನ್ನು ಹೇಳಿದೆ. ಅಷ್ಟರಲ್ಲಿ ಎದುರು ಸಾಲಿನಲ್ಲಿದ್ದ ಇಬ್ಬರು, "ನಮಗೂ ಅದೇ ಲೇಸರ್ ಇಂಪ್ಲಾಂಟ್ ಹೇಳಿದ್ದಾರೆ, ಈ ವಾರ ಅಡ್ವಾನ್ಸ್ ಕೊಡಬೇಕು" ಅಂದರು. ಅವರಿಬ್ಬರಿಗಾಗಿ, ಅವರಂಥ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಡೊಂಬಿವಲಿಯಲ್ಲಿ. ಎರಡು ವರ್ಷದ ಹಿಂದೆ ಬಲಗಡೆ ಕೆಳದವಡೆಯ ಒಂದು ದೊಡ್ಡ ಹಲ್ಲು ಹೋಯಿತು. ಥಾಣೆ ಕಡೆಯ ಒಂದು ಕ್ಲಿನಿಕ್‌ಗೆ ಹೋದೆ. ಅಲ್ಲಿಯ ಡಾಕ್ಟರ್ ಟಿವಿ ಪರದೆಯ ಮೇಲೆ ಚಿತ್ರ ತೋರಿಸಿದರು. "ಕಾಕೂ, ಸಾದಾ ಇಂಪ್ಲಾಂಟ್ ಬೇಡ. ಇದರ ಮೈಮೇಲೆ ಲೇಸರ್ ಗೆರೆ ಇದೆ. ನಿಮ್ಮ ಸ್ವಂತ ಹಲ್ಲಿಗೆ ಒಸಡು ಹಿಡಿದ ಹಾಗೇ ಇದಕ್ಕೂ ಹಿಡಿದುಕೊಳ್ಳುತ್ತದೆ. ಕ್ರಿಮಿ ಒಳಗೆ ಹೋಗುವ ಮಾತೇ ಇಲ್ಲ. ಒಮ್ಮೆ ಹಾಕಿಸಿದರೆ ಮತ್ತೆ ನೋಡಬೇಕಾಗಿಲ್ಲ" ಅಂದರು. ಅದಕ್ಕೆ 18,000 ರೂಪಾಯಿ ಜಾಸ್ತಿ. ಕೊಟ್ಟೆ. ನಾನು ನಂಬಿದ್ದು ಆ ಕೊನೆಯ ಮಾತನ್ನು.

ಇಂಪ್ಲಾಂಟ್ ಮೇಲೆ ಹಲ್ಲಿನ ಆಕಾರದ ಕ್ಯಾಪ್ ಕೂರಿಸಿ ಎಂಟು ತಿಂಗಳಿಗೆ ಹಲ್ಲುಜ್ಜುವಾಗ ರಕ್ತ ಕಾಣಿಸಿತು. ಮತ್ತೆ ಅಲ್ಲಿಗೇ ಹೋದೆ. "ಸ್ವಲ್ಪ ರಕ್ತ ನಾರ್ಮಲ್" ಅಂತ ಸ್ಟೀಲ್ ಕೊಕ್ಕೆಯಿಂದ ಕೆರೆದು, ಬಾಯಿ ಮುಕ್ಕಳಿಸಲು ಔಷಧ ಬರೆದುಕೊಟ್ಟು ಕಳಿಸಿದರು. ಎಕ್ಸ್‌ರೇ ತೆಗೆಯಲಿಲ್ಲ. ನೋವು ಇರಲಿಲ್ಲ, ಹಲ್ಲು ಕಲ್ಲಿನಂತೆ ಗಟ್ಟಿಯಾಗಿತ್ತು. ಹಾಗಾಗಿ ನಾನೂ ಸುಮ್ಮನಾದೆ. ಆಮೇಲೆ ಬೆಳಿಗ್ಗೆ ಎದ್ದಾಗ ಬಾಯಲ್ಲಿ ಕೆಟ್ಟ ರುಚಿ. ಅತ್ತೆ ಲವಂಗ ಕಚ್ಚಿಕೋ ಅಂದರು, ಕಚ್ಚಿದೆ. ಒಂದು ದಿನ ಕನ್ನಡಿ ಮುಂದೆ ಒಸಡನ್ನು ಬೆರಳಲ್ಲಿ ಒತ್ತಿದಾಗ ಕೀವು ಬಂತು.

ನೋವಿಲ್ಲ ಅಂದರೆ ರೋಗವಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಸ್ವಂತ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ನಾರಿನ ಪದರ ಇರುತ್ತದೆ. ಕಚ್ಚುವಾಗಿನ ಒತ್ತಡ ಗೊತ್ತಾಗುವುದು ಹೆಚ್ಚಾಗಿ ಅದರಿಂದ, ನೋವೂ ಒಂದಿಷ್ಟು. ಇಂಪ್ಲಾಂಟ್‌ಗೆ ಅದು ಇಲ್ಲ, ಅದು ನೇರವಾಗಿ ಮೂಳೆಗೇ ಕಚ್ಚಿಕೊಂಡಿರುತ್ತದೆ. ಸುತ್ತಲಿನ ಮೂಳೆ ಅರ್ಧ ಕರಗಿದರೂ ತಳ ಹಿಡಿದುಕೊಂಡೇ ಇರುತ್ತದೆ, ಅಲುಗುವುದಿಲ್ಲ. ಅಲುಗಲು ಶುರುವಾಗುವ ಹೊತ್ತಿಗೆ ಉಳಿಸಿಕೊಳ್ಳಲು ಏನೂ ಇರುವುದಿಲ್ಲ.

ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜು ಇದೆ. ಬೆಳಗಿನ ಫಾಸ್ಟ್ ಲೋಕಲ್ ಹಿಡಿದು ಅಲ್ಲಿಗೆ ಹೋದೆ. ನನ್ನನ್ನು ನೋಡಿದ ಹುಡುಗಿ ಬೆಳಗಾವಿ ಕಡೆಯವಳು, ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದಳು. "ಅಕ್ಕಾರ, ಇದು ಯಾವ ಕಂಪನಿದು ಅಂತ ಕಾರ್ಡ್ ಕೊಟ್ಟಾರೇನ್ರಿ?" ನನ್ನ ಹತ್ತಿರ ಯಾವ ಕಾರ್ಡೂ ಇರಲಿಲ್ಲ. ಒಂದು ಬಿಲ್ ಇತ್ತು, ಅದರಲ್ಲಿ "ಇಂಪ್ಲಾಂಟ್, ಸ್ಪೆಷಲ್" ಅಂತ ಮಾತ್ರ ಬರೆದಿತ್ತು.

ಎಕ್ಸ್‌ರೇ ನೋಡಿ ಅವರ ಮೇಡಂ ಕೂರಿಸಿಕೊಂಡು ಹೇಳಿದ್ದನ್ನು ನಾನು ಯಾವತ್ತೋ ಕೇಳಿ ತಿಳಿದುಕೊಳ್ಳಬೇಕಿತ್ತು. ಇಂಪ್ಲಾಂಟ್ ಮಾಡುವ ಟೈಟಾನಿಯಂ ಲೋಹ ಮೂಳೆಗೆ ಬೆಸೆದುಕೊಳ್ಳುತ್ತದೆ ಅಂತ ಸ್ವೀಡನ್ನಿನ ಸಂಶೋಧಕ ಬ್ರೋನೆಮಾರ್ಕ್ ಗಮನಿಸಿದ್ದು 1952ರಲ್ಲಿ. ಮೊದಲ ರೋಗಿಗೆ ಹಾಕಿದ್ದು 1965ರಲ್ಲಿ. ಮೂಳೆಯ ಕೆಲಸ ಅಷ್ಟು ಹಿಂದೆಯೇ ಗೆದ್ದಾಯಿತು. ಒಸಡಿನದ್ದು ಇನ್ನೂ ಪೂರ್ತಿ ಗೆದ್ದಿಲ್ಲ. ಸ್ವಂತ ಹಲ್ಲಿನ ಬೇರಿನ ಮೇಲೆ ಸಿಮೆಂಟಮ್ ಎಂಬ ಪದರ ಇದೆ. ಒಸಡಿನ ನಾರುಗಳು ಅದರೊಳಗೆ ಗೂಟದ ಹಾಗೆ ನಾಟಿಕೊಂಡಿರುತ್ತವೆ. ಲೋಹದ ಮೇಲೆ ಆ ಪದರ ಇಲ್ಲವಲ್ಲ. ಅಲ್ಲಿ ನಾರುಗಳು ಅಡ್ಡಕ್ಕೋ ಉದ್ದಕ್ಕೋ ಸುತ್ತ ಮಲಗಿರುತ್ತವೆ, ಕೈಗೆ ಬಳೆ ಹಾಕಿದ ಹಾಗೆ. ಸಂದು ಬಿಡುವುದು ಸುಲಭ.

ಲೇಸರ್ ಗೆರೆ ಸುಳ್ಳಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 8ರಿಂದ 12 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಗಲದ ಗೆರೆಗಳು, ತಲೆಗೂದಲಿಗಿಂತ ಎಷ್ಟೋ ಸಣ್ಣವು. ಅಂಥ ಕಡೆ ಮನುಷ್ಯರ ಒಸಡಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಾರುಗಳು ಗೆರೆಗಳಿಗೆ ನೇರವಾಗಿ ಬಂದು ಹಿಡಿದದ್ದು ಕಂಡಿದೆ. ನೇರಳಾತೀತ ಬೆಳಕು ಹಾಯಿಸುವುದು, ಪ್ರೋಟೀನ್ ಲೇಪಿಸುವುದು, ಇಂಥ ದಾರಿಗಳನ್ನೂ ಹುಡುಕುತ್ತಿದ್ದಾರೆ. ಒಳ್ಳೆಯ ಕೆಲಸವೇ. ಆದರೆ ಗೆರೆ ಯಾವ ಭಾಗದಲ್ಲಿದೆ ಅನ್ನುವುದು ಮುಖ್ಯ. ಮೂಳೆಯೊಳಗೆ ಕೂರುವ ಸ್ಕ್ರೂ ಇಂಪ್ಲಾಂಟ್. ಅದರ ಮೇಲೆ ನಿಲ್ಲುವ ಗಿಡ್ಡ ಕಂಬ ಅಬಟ್‌ಮೆಂಟ್. ಕಂಬದ ಮೇಲೆ ಕ್ಯಾಪ್. ನನ್ನ ಸ್ಕ್ರೂವನ್ನು ಮೂಳೆಯ ಮಟ್ಟಕ್ಕೆ ಪೂರ್ತಿ ಇಳಿಸಿದ್ದರು. ಅಂದರೆ ಒಸಡು ಮುಟ್ಟುತ್ತಿದ್ದದ್ದು ಕಂಬವನ್ನು. ಕ್ಯಾಪ್ ಬಿಚ್ಚಿ ನೋಡಿದರೆ ಆ ಕಂಬ ಯಾವ ಗೆರೆಯೂ ಇಲ್ಲದ ಸಾದಾ ಕಂಬ. ನಾನು 18,000 ಕೊಟ್ಟ ಗೆರೆ ಒಳಗೆ ಇತ್ತೋ ಇಲ್ಲವೋ, ಇದ್ದಿದ್ದರೂ ಒಸಡಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಇರಲಿಲ್ಲ.

ಇನ್ನೊಂದು ವಿಷಯ ಅಲ್ಲೇ ಸಿಕ್ಕಿತು. ಕಂಬದ ಬುಡದಲ್ಲಿ, ಒಸಡಿನ ಕೆಳಗೆ, ಕ್ಯಾಪ್ ಅಂಟಿಸಿದ ಸಿಮೆಂಟ್ ಉಳಿದಿತ್ತು. ಅಕ್ಕಿ ನುಚ್ಚಿನಷ್ಟು ದೊಡ್ಡ ಎರಡು ಚೂರು. ಒರಟಾದ ಆ ಚೂರಿನ ಮೇಲೆ ಕ್ರಿಮಿಗಳು ಮನೆ ಮಾಡಿಕೊಳ್ಳುತ್ತವಂತೆ. ಅಂಥ ಜಾಗದಲ್ಲಿ ಎಂಥ ಲೇಸರ್ ಗೆರೆ ಇದ್ದರೂ ಒಸಡು ಹಿಡಿಯುವುದು ಹೇಗೆ? ಜೊತೆಗೆ ಕಂಬದ ತುಂಬ ಗೀರು, ಸ್ಟೀಲ್ ಕೊಕ್ಕೆಯದು. ಮೂಳೆಗೆ ತಾಗುವ ಭಾಗ ಒರಟಾಗಿರಬೇಕು, ಉಬ್ಬುತಗ್ಗು 1ರಿಂದ 2 ಮೈಕ್ರಾನ್. ಗೆರೆ ಇಲ್ಲದ ಸಾದಾ ಕಂಬದಲ್ಲಿ ಒಸಡಿಗೆ ತಾಗುವ ಭಾಗ ಸುಮಾರು 0.2 ಮೈಕ್ರಾನ್‌ನಷ್ಟು ನುಣುಪು. ಅದಕ್ಕಿಂತ ಒರಟಾದರೆ ಕೊಳೆ ಜಾಸ್ತಿ ಕೂರುತ್ತದೆ. ಕ್ಲೀನ್ ಮಾಡುತ್ತೇವೆ ಅಂತ ಅವರೇ ಅದನ್ನು ಒರಟು ಮಾಡಿದ್ದರು. ಇದಕ್ಕೆ ಪ್ಲಾಸ್ಟಿಕ್ ಅಥವಾ ಟೈಟಾನಿಯಂ ಕೊಕ್ಕೆಗಳಿವೆ, ಗ್ಲೈಸಿನ್ ಎಂಬ ನಯವಾದ ಪುಡಿ ಊದುವ ಯಂತ್ರವಿದೆ.

ನನಗೆ ಇವತ್ತಿಗೂ ಸಂಕಟವಾಗುವುದು ಆ ಎಂಟನೇ ತಿಂಗಳ ರಕ್ತ ನೆನೆದಾಗ. ಆಗ ಊತ ಬರೀ ಒಸಡಿನಲ್ಲಿ ಇದ್ದಿರಬಹುದು. ಆ ಹಂತದಲ್ಲಿ ಸಿಮೆಂಟ್ ತೆಗೆದು ಸರಿಯಾಗಿ ಸ್ವಚ್ಛ ಮಾಡಿದ್ದರೆ ವಾಸಿಯಾಗುವ ಸಾಧ್ಯತೆ ಚೆನ್ನಾಗಿತ್ತು ಅಂದರು ಮೇಡಂ. ಮೂಳೆ ಕರಗಲು ಶುರುವಾದ ಮೇಲೆ ಹೋದದ್ದು ತಾನಾಗಿ ಬರುವುದಿಲ್ಲ. ನನ್ನದು ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಇಂಪ್ಲಾಂಟ್ ತಿರುಗಿಸಿ ತೆಗೆದರು. ಈಗ ಅಲ್ಲಿ ಹಳ್ಳ.

ಹಾಗಾಗಿ ಹಾಕಿಸುವವರು ಕೇಳಲೇಬೇಕು. ಗೆರೆಯೋ ಲೇಪವೋ ಇರುವುದು ಸ್ಕ್ರೂವಿನಲ್ಲೋ, ಒಸಡು ಮುಟ್ಟುವ ಭಾಗದಲ್ಲೋ? ಚಿತ್ರದಲ್ಲಿ ಬೆರಳಿಟ್ಟು ತೋರಿಸಲಿ. ಕ್ಯಾಪ್ ಸ್ಕ್ರೂ ಹಾಕಿ ಬಿಗಿಯುವುದೋ, ಸಿಮೆಂಟ್‌ನಲ್ಲಿ ಅಂಟಿಸುವುದೋ? ಅಂಟಿಸುವುದಾದರೆ ಅದೇ ದಿನ ಎಕ್ಸ್‌ರೇ ತೆಗೆಸಿ, ನಕಲು ಮನೆಗೆ ತನ್ನಿ. ಎಲ್ಲ ಸಿಮೆಂಟೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಆದರೆ ಮುಂದೆ ಮೂಳೆ ಇಳಿದಿದೆಯೇ ಅಂತ ಹೋಲಿಸಲು ಆ ಚಿತ್ರ ಬೇಕೇ ಬೇಕು. ಇಂಪ್ಲಾಂಟ್ ಡಬ್ಬಿಯ ಮೇಲೆ ಕಂಪನಿ ಹೆಸರು, ಲಾಟ್ ನಂಬರ್ ಇರುವ ಚೀಟಿ ಇರುತ್ತದೆ. ಅದನ್ನು ಕೇಳಿ ಪಡೆಯಿರಿ, ಕೊಡದಿದ್ದರೆ ಎದ್ದು ಬನ್ನಿ. ಸಕ್ಕರೆ ಕಾಯಿಲೆ ಇದ್ದವರು, ಬೀಡಿ ಸಿಗರೇಟು ಸೇದುವವರು, ಮೊದಲೇ ಒಸಡಿನ ರೋಗದಿಂದ ಹಲ್ಲು ಕಳೆದುಕೊಂಡವರು ಇನ್ನೂ ಹುಷಾರಾಗಿರಬೇಕು. "ಮತ್ತೆ ನೋಡಬೇಕಾಗಿಲ್ಲ" ಅಂತ ಯಾರಾದರೂ ಅಂದರೆ ಅಲ್ಲಿ ಹಾಕಿಸಬೇಡಿ.

ಪಂಕ್ತಿಯಲ್ಲಿ ಸಿಕ್ಕ ಅಕ್ಕಂದಿರೇ, ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ನಮ್ಮ ಮನೆಗೆ ಬನ್ನಿ. ಇಂಪ್ಲಾಂಟ್ ಹಾಕಿದ ದಿನ ವಾಟ್ಸಾಪ್‌ಗೆ ಬಂದ ಎಕ್ಸ್‌ರೇ ನನ್ನ ಮೊಬೈಲ್‌ನಲ್ಲಿದೆ, ತೆಗೆಯುವ ಮುಂಚಿನದ್ದೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ.