ಮೂರು ವರ್ಷದ ಸುತ್ತು ಮುಗಿದ ಮೇಲೆ: ಸಿಸ್ಟರ್‌ಗಳು ಬರೆಯುವ ಹಬ್ಬದ ಚಿಂತನೆ ಪುಸ್ತಿಕೆ ಹೇಗಿದೆ?

2022ರ ನವೆಂಬರ್‌ನಿಂದ ಈ ಪುಸ್ತಿಕೆ ತರಿಸುತ್ತಿದ್ದೇನೆ. ಒಂದು ಸಣ್ಣ ಕಾನ್ವೆಂಟಿನ ಐದಾರು ಸಿಸ್ಟರ್‌ಗಳು ಸರದಿ ಮೇಲೆ ಬರೆದು, ಪಕ್ಕದ ಊರಿನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿ, ಅಂಚೆಯಲ್ಲಿ ಕಳಿಸುತ್ತಾರೆ. ವರ್ಷಕ್ಕೆ ನಾಲ್ಕು ಪುಸ್ತಿಕೆ. ಕ್ರಿಸ್‌ಮಸ್‌ಗೆ ಕಾಯುವ ವಾರಗಳಾದ ಆಗಮನ ಕಾಲ ಮತ್ತು ಕ್ರಿಸ್‌ಮಸ್‌ಗೆ ಒಂದು, ಪಾಸ್ಕ ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲಕ್ಕೆ ಒಂದು, ಪಾಸ್ಕ ಕಾಲಕ್ಕೆ ಒಂದು, ಉಳಿದ ವಾರಗಳಾದ ಸಾಧಾರಣ ಕಾಲಕ್ಕೆಲ್ಲ ಸೇರಿಸಿ ಒಂದು ದಪ್ಪದ್ದು. ದೊಡ್ಡ ಹಬ್ಬಗಳ ಹಿಂದಿನ ಸಂಜೆ ವಾಟ್ಸಾಪ್‌ನಲ್ಲಿ ಆರೇಳು ನಿಮಿಷದ ಆಡಿಯೊ ಕೂಡ ಬರುತ್ತದೆ. ಕಾನ್ವೆಂಟಿನ ಹೆಸರು ಹಾಕುವುದಿಲ್ಲ, ಬೇಡ ಅಂತ ಅವರೇ ಹೇಳಿದ್ದಾರೆ. ಇರುವ ಚಂದಾದಾರರಿಗೆ ವಿಳಾಸ ಬರೆದು ಅಂಚೆಗೆ ಹಾಕುವುದೇ ಅವರ ಕೈಗೆ ಸಾಕಾಗುವಷ್ಟು ಕೆಲಸ. ಆದರೆ ಇಂಥ ಪುಸ್ತಿಕೆ ನಿಮ್ಮ ಊರಿನ ಸಿಸ್ಟರ್‌ಗಳ ಹತ್ತಿರವೂ ಇರಬಹುದು. ತರಿಸೋಣವಾ ಬೇಡವಾ ಅಂತ ಯೋಚಿಸುವವರಿಗೆ ನನ್ನ ಅನುಭವ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಇಷ್ಟು ದಿನ ಯಾಕೆ ಬರೆಯಲಿಲ್ಲ ಅಂದರೆ, ಒಂದು ವರ್ಷ ಓದಿ ಇದಕ್ಕೆ ಅಂಕ ಕೊಡೋಕೆ ಆಗಲ್ಲ. ಭಾನುವಾರದ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಎ ವರ್ಷ ಮತ್ತಾಯನ ಶುಭಸಂದೇಶ (ಯೇಸುಸ್ವಾಮಿಯ ಬದುಕು ಹೇಳುವ ಪುಸ್ತಕ), ಬಿ ವರ್ಷ ಮಾರ್ಕನದು, ಸಿ ವರ್ಷ ಲೂಕನದು. ನಾನು ಸೇರಿದ್ದು 2022ರ ಆಗಮನ ಕಾಲದಲ್ಲಿ, ಅಂದರೆ ಎ ವರ್ಷದ ಮೊದಲ ಭಾನುವಾರಕ್ಕೆ. 2025ರ ನವೆಂಬರ್ 30ಕ್ಕೆ ಮತ್ತೆ ಎ ವರ್ಷ ಶುರುವಾಯಿತು. ಆಗ ನನಗೆ ಒಂದು ಭಯವಿತ್ತು. ಹಳೇ ಪುಸ್ತಿಕೆಯನ್ನೇ ತಾರೀಖು ಬದಲಾಯಿಸಿ ಕಳಿಸಿಬಿಟ್ಟರೆ? ಹಾಗೆ ಮಾಡುವವರು ಇದ್ದಾರೆ. ಬೇರೆ ಒಂದು ಕಡೆಯಿಂದ ತರಿಸುತ್ತಿದ್ದಾಗ ನನಗೇ ಹಾಗಾಗಿತ್ತು.

ಹಾಗಾಗಿ ಈ ತಪಸ್ಸುಕಾಲದಲ್ಲಿ ಎರಡು ಪುಸ್ತಿಕೆ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಎ ವರ್ಷದ್ದಾದರೂ ತಪಸ್ಸುಕಾಲದಲ್ಲಿ ಯೊವಾನ್ನನ ಶುಭಸಂದೇಶದ ಮೂರು ದೊಡ್ಡ ಕಥೆ ಸಾಲಾಗಿ ಬರುತ್ತವೆ. ಮೂರನೇ ಭಾನುವಾರ ಬಾವಿ ಹತ್ತಿರ ಯೇಸುಸ್ವಾಮಿ ಜೊತೆ ಮಾತಾಡಿದ ಸಮಾರಿಯದ ಹೆಂಗಸು, ನಾಲ್ಕನೇ ಭಾನುವಾರ ಅವರು ಕಣ್ಣು ಕೊಟ್ಟ ಹುಟ್ಟುಕುರುಡ, ಐದನೇ ಭಾನುವಾರ ಸತ್ತ ಮೇಲೆ ಅವರು ಎಬ್ಬಿಸಿದ ಲಾಸರ. 2023ರಲ್ಲಿ ಸಮಾರಿಯದ ಹೆಂಗಸಿನ ಬಗ್ಗೆ ಬರೆದ ಸಿಸ್ಟರ್ ಇಡೀ ಎರಡು ಪುಟ ಅವಳು ಬಾವಿ ಹತ್ತಿರ ಬಿಟ್ಟುಹೋದ ಕೊಡದ ಬಗ್ಗೆಯೇ ಬರೆದಿದ್ದರು. ನೀರಿಗೆ ಅಂತ ಬಂದವಳು ಕೊಡವನ್ನೇ ಮರೆತು ಊರೊಳಗೆ ಓಡಿದಳಲ್ಲ, ಆ ಕೊಡ. ತಾವು ಚಿಕ್ಕಂದಿನಲ್ಲಿ ಎರಡು ಮೈಲಿ ನಡೆದು ನೀರು ಹೊತ್ತದ್ದು, ಕೊಡ ಬಿಟ್ಟು ಬಂದರೆ ಮನೆಯಲ್ಲಿ ಏನಾಗುತ್ತಿತ್ತು ಅನ್ನುವುದು, ಎಲ್ಲ ಅದರಲ್ಲಿತ್ತು.

ಈ ವರ್ಷ ಅದೇ ಭಾನುವಾರ ಮಾರ್ಚ್ 8ಕ್ಕೆ ಬಂತು, ಮಹಿಳಾ ದಿನದಂದೇ. ಬರೆದವರು ಬೇರೆ ಸಿಸ್ಟರ್. ಕೊಡದ ಸುದ್ದಿ ಒಂದು ಸಾಲೂ ಇಲ್ಲ. ಅವಳು ಮಧ್ಯಾಹ್ನದ ಉರಿಬಿಸಿಲಿಗೆ ಯಾಕೆ ಬಂದಳು ಅನ್ನುವುದರಿಂದ ಶುರು. ಬೇರೆ ಹೆಂಗಸರು ಇಲ್ಲದ ಹೊತ್ತು ನೋಡಿಕೊಂಡು ನೀರಿಗೆ ಬರುವ ಹೆಂಗಸರನ್ನು ಆ ಸಿಸ್ಟರ್ ತಾವು ಕೆಲಸ ಮಾಡಿದ ಹಳ್ಳಿಯಲ್ಲಿ ಕಣ್ಣಾರೆ ಕಂಡಿದ್ದರಂತೆ. ಯೇಸುಸ್ವಾಮಿ ಇಷ್ಟುದ್ದ ಕೂತು ಮಾತಾಡಿದ್ದು ಅಂಥವಳ ಜೊತೆ ಅನ್ನುವುದನ್ನು ಅವರು ಹೇಳಿದ ರೀತಿಗೆ ನಾನು ಪುಸ್ತಿಕೆ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅವತ್ತೇ ನನ್ನ ಭಯ ಹೋಯಿತು. ಇವರು ಹಳೇದನ್ನು ಮತ್ತೆ ಬಡಿಸುವವರಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಬೋಧನೆ, ಅಂದರೆ ಶುಭಸಂದೇಶದ ಮೇಲೆ ಫಾದರ್ ಆಡುವ ಮಾತು, ನಾವು ಪ್ರತಿ ಭಾನುವಾರ ಕೇಳುತ್ತೇವೆ, ಒಳ್ಳೆಯ ಫಾದರ್‌ಗಳು ಎಷ್ಟೋ ಜನ ಇದ್ದಾರೆ. ಆದರೆ ಬಲಿಪೂಜೆಯಲ್ಲಿ ಶುಭಸಂದೇಶದ ಮೇಲೆ ಹೆಣ್ಣಿನ ದನಿ ನಮಗೆ ಕೇಳಿಸುವುದೇ ಇಲ್ಲ. ಹಬ್ಬದ ಹಿಂದಿನ ಕೆಲಸ ಎಲ್ಲ ಯಾರ ಕೈಯಲ್ಲಿ ನಡೆಯುತ್ತದೆ? ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವುದು, ಹೂ ಜೋಡಿಸುವುದು, ಗೋದಲಿಗೆ ಹುಲ್ಲು ತರುವುದು, ಸಾಯುತ್ತಿರುವವರ ಪಕ್ಕ ರಾತ್ರಿ ಕೂರುವುದು. ಆ ಕೈಗಳು ಬರೆದಾಗ ಹಬ್ಬ ಬೇರೆ ಥರ ಕಾಣುತ್ತದೆ. ನಾನು ಇದಕ್ಕೆ ಕೊಡುವ ದುಡ್ಡೆಲ್ಲ ಆ ಒಂದು ಕಾರಣಕ್ಕೆ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಬರಹ ನೋಡಿ. ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಯನ್ನೇ ಸುಟ್ಟು ಬೂದಿ ಮಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ಆದರೆ ಮನೆಮನೆಯಿಂದ ಬಂದ ಒಣಗರಿಗಳನ್ನು ಬಿಡಿಸಿ, ಯಾರೋ ಮಗು ಕಟ್ಟಿದ ದಾರ, ಗುಂಡುಪಿನ್ನು ಎಲ್ಲ ತೆಗೆದು, ಹಳೇ ಬಾಣಲೆಯಲ್ಲಿ ಸುಟ್ಟು, ತೆಳ್ಳನೆ ಪಂಚೆ ಬಟ್ಟೆಯಲ್ಲಿ ಮೂರು ಸಲ ಜರಡಿ ಹಿಡಿದರೆ ಬುಟ್ಟಿ ತುಂಬಾ ಇದ್ದ ಗರಿಗೆ ಒಂದು ಬಟ್ಟಲು ಬೂದಿ ಸಿಗುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅಷ್ಟೆಲ್ಲ ಓದಿದ ಮೇಲೆ ಹಣೆ ಮೇಲಿನ ಆ ಚಿಟಿಕೆ ಬೂದಿ ಭಾರವಾಗುತ್ತದೆ.

ಇನ್ನೊಂದು ಹೇಳಲೇಬೇಕು. 2024ರ ಮಾರ್ಚ್‌ನಲ್ಲಿ ನಮ್ಮ ಅಮ್ಮ ತೀರಿಕೊಂಡರು. ಆ ವರ್ಷ ಪಾಸ್ಕ ಹಬ್ಬ ಮಾರ್ಚ್ 31ಕ್ಕೆ. ಅಮ್ಮನ ಮಣ್ಣು ಮುಗಿಸಿ ಹದಿನೈದು ದಿನವೂ ಆಗಿರಲಿಲ್ಲ. ಶುಭ ಶುಕ್ರವಾರ (ಗುಡ್ ಫ್ರೈಡೆ) ಹೇಗೋ ಕಳೆಯಿತು, ಅವತ್ತು ಅಳಲು ಎಲ್ಲರೂ ಜೊತೆಗಿರುತ್ತಾರೆ. ಕಷ್ಟವಾಗಿದ್ದು ಮಾರನೇ ದಿನ. ಪವಿತ್ರ ಶನಿವಾರ ಹಗಲೆಲ್ಲ ಪೂಜೆಯಿಲ್ಲ, ಪೀಠದ ಮೇಲೆ ಬಟ್ಟೆಯಿಲ್ಲ, ಗುಡಿಯ ಬಾಗಿಲು ತೆರೆದು ಒಳಗೆ ಖಾಲಿ. ಎಷ್ಟೋ ಪುಸ್ತಕಗಳು ಈ ದಿನವನ್ನು ಹಾರಿಸಿ ನೇರ ರಾತ್ರಿಯ ಜಾಗರಣೆಗೆ ಹೋಗಿಬಿಡುತ್ತವೆ. ಇವರು ಹಾರಿಸಿರಲಿಲ್ಲ. ವಯಸ್ಸಾದ ಒಬ್ಬ ಸಿಸ್ಟರ್ ಆ ದಿನ ತಾವು ಮಾಡುವ ಕೆಲಸದ ಬಗ್ಗೆ ಬರೆದಿದ್ದರು. ಗುರುವಾರ ಪೀಠದಿಂದ ತೆಗೆದ ಬಟ್ಟೆಗಳನ್ನು ಒಗೆಯುವ ಕೆಲಸ. ಪಾನಪಾತ್ರೆ ಒರೆಸುವ ಬಟ್ಟೆ, ಅದರ ಕೆಳಗೆ ಹಾಸುವ ಚೌಕದ ಬಟ್ಟೆ, ಇವನ್ನು ಮೊದಲು ನೆನೆಸಿ ಜಾಲಿಸಿದ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯ, ಕಣ ಇದ್ದರೆ ಅಂತ ಮಣ್ಣಿಗೇ ಸುರಿಯಬೇಕು. ಅವರು ದಾಸವಾಳದ ಗಿಡದ ಬುಡಕ್ಕೆ ಹಾಕುತ್ತಾರಂತೆ. ಯೇಸುಸ್ವಾಮಿಯ ಸಮಾಧಿಗೆ ಹೋಗಬೇಕಿದ್ದ ಹೆಂಗಸರೂ ಅವತ್ತು ಸಬ್ಬತ್ (ಯೆಹೂದ್ಯರ ವಿಶ್ರಾಂತಿ ದಿನ) ಅಂತ ಮನೆಯಲ್ಲೇ ಕಾದರು, ಸುಗಂಧದ್ರವ್ಯ ಸಿದ್ಧ ಇತ್ತು, ಮಾಡಲು ಏನೂ ಇರಲಿಲ್ಲ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದರು. ನಾಳೆ ಎದ್ದು ಬರುತ್ತಾರೆ, ಅಳಬೇಡ ಅನ್ನುವ ಮಾತು ಎಲ್ಲೂ ಇರಲಿಲ್ಲ.

ನಾನು ಅವತ್ತು ಅಮ್ಮನ ಎರಡು ಸೀರೆ ಒಗೆಯಲು ಕೂತಿದ್ದೆ. ಅಷ್ಟು ದಿನ ಮುಟ್ಟಲು ಆಗಿರಲಿಲ್ಲ. ಮೊದಲ ನೀರನ್ನು ಬಚ್ಚಲಿಗೆ ಚೆಲ್ಲಲಿಲ್ಲ. ಬಕೆಟ್ ಎತ್ತಿಕೊಂಡು ಹೋಗಿ ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿದೆ.

ಆ ವರ್ಷದ ಪಾಸ್ಕ ಪುಸ್ತಿಕೆಯಲ್ಲಿ ಇನ್ನೊಂದು ಇಷ್ಟವಾಗಿತ್ತು. ದೇವದೂತ ಮರಿಯಮ್ಮನವರಿಗೆ ಸುದ್ದಿ ತಂದ ಹಬ್ಬ ಮಾರ್ಚ್ 25ಕ್ಕೆ ಅಲ್ವಾ, 2024ರಲ್ಲಿ ಅದು ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದ ಸೋಮವಾರಕ್ಕೆ ಬಂದಿದ್ದರಿಂದ ಏಪ್ರಿಲ್ 8ಕ್ಕೆ ಮುಂದೆ ಹೋಯಿತು. ಕ್ಯಾಲೆಂಡರ್‌ನಲ್ಲಿ ಸಣ್ಣಕ್ಷರದಲ್ಲಿ ಇರುವ ಈ ವಿಷಯವನ್ನೇ ಹಿಡಿದು, ಒಳ್ಳೆಯ ಸುದ್ದಿ ಸಾವಿನ ಮನೆಗೆ ದಾರಿ ಬಿಟ್ಟು ಹೊರಗೆ ಕಾಯುತ್ತದೆ ಅನ್ನುವ ಅರ್ಥದಲ್ಲಿ ಒಬ್ಬರು ಬರೆದಿದ್ದರು. ಕ್ಯಾಲೆಂಡರ್ ನೋಡುವ ನನ್ನ ಕಣ್ಣೇ ಬದಲಾಯಿತು.

ಸಣ್ಣ ಹಬ್ಬಗಳಲ್ಲೂ ಒಳ್ಳೊಳ್ಳೆಯ ಬರಹ ಇವೆ. ಕೂಸು ಯೇಸುವನ್ನು ದೇವಾಲಯಕ್ಕೆ ತಂದ ಫೆಬ್ರುವರಿ 2ರ ಮೇಣದಬತ್ತಿ ಹಬ್ಬಕ್ಕೆ ಎಲ್ಲರೂ ಆ ಕೂಸನ್ನು ಎತ್ತಿಕೊಂಡ ಸಿಮೆಯೋನನ ಬಗ್ಗೆ ಬರೆಯುತ್ತಾರೆ, ಇವರು ದೇವಾಲಯ ಬಿಟ್ಟು ಹೋಗದ ಎಂಬತ್ತನಾಲ್ಕರ ಅನ್ನಾ ಬಗ್ಗೆ ಬರೆದರು. ಜುಲೈ 22ರ ಮಗ್ದಲದ ಮರಿಯಳ ದಿನವನ್ನು ಪೋಪ್ ಫ್ರಾನ್ಸಿಸ್ 2016ರಲ್ಲಿ ಪ್ರೇಷಿತರ (ಯೇಸುಸ್ವಾಮಿಯ ಮುಖ್ಯ ಶಿಷ್ಯರ) ಹಬ್ಬಗಳ ದರ್ಜೆಗೆ ಏರಿಸಿದರು ಅಂತ ನನಗೆ ತಿಳಿದದ್ದು ಈ ಪುಸ್ತಿಕೆಯಿಂದಲೇ. ಸೆಪ್ಟೆಂಬರ್ 8ಕ್ಕೆ ಮಂಗಳೂರು ಕಡೆಯ ಕೊಂಕಣಿ ಸಿಸ್ಟರ್ ಒಬ್ಬರು ಮೊಂತಿ ಹಬ್ಬದ, ಅಂದರೆ ಮರಿಯಮ್ಮನವರ ಹುಟ್ಟುಹಬ್ಬದ, ತೆನೆ ಬಗ್ಗೆ ಬರೆದಿದ್ದರು. ಒಂಬತ್ತು ದಿನ ಮಕ್ಕಳು ಮರಿಯಮ್ಮನವರಿಗೆ ಹೂ ಹಾಕುವುದು, ಆಶೀರ್ವಾದ ಮಾಡಿಸಿದ ತೆನೆಯ ಕಾಳು ಬಿಡಿಸಿ ಮನೆಯವರೆಲ್ಲ ಹಂಚಿಕೊಳ್ಳುವುದು, ಅವತ್ತು ಮೀನು ಮಾಂಸ ಇಲ್ಲದ ಊಟ. ನಮಗೆ ಬೆಂಗಳೂರಿನಲ್ಲಿ ಸೆಪ್ಟೆಂಬರ್ 8 ಅಂದರೆ ಶಿವಾಜಿನಗರದ ಬೆಸಿಲಿಕಾ, ಕಾವಿ ಸೀರೆ, ತೇರು, ಕಾಲಿಡಲು ಜಾಗ ಇಲ್ಲದಷ್ಟು ಜನ. ಒಂದೇ ತಾಯಿಯ ಹುಟ್ಟುಹಬ್ಬ ಎರಡು ಊರಲ್ಲಿ ಎರಡು ಥರ. ತೆನೆಯ ಬಗ್ಗೆ ಓದಿ ನನ್ನ ಮಗಳು ಭತ್ತ ಎಲ್ಲಿ ಸಿಗುತ್ತದೆ ಅಂತ ಕೇಳಿದಳು.

ಆಡಿಯೊ ಬಗ್ಗೆ. ರೆಕಾರ್ಡಿಂಗ್ ಅಷ್ಟಕ್ಕಷ್ಟೆ, ಹಿಂದೆ ಕಾಗೆ ಕೂಗುತ್ತದೆ, ಮಧ್ಯೆ ಗಂಟೆ ಹೊಡೆಯುತ್ತದೆ. ನನಗೆ ತೊಂದರೆ ಅನ್ನಿಸಿಲ್ಲ. ರಾತ್ರಿ ಪಾಳಿಗೆ ಹೋಗುವಾಗ ಬಸ್ಸಿನಲ್ಲಿ ಕೇಳುತ್ತೇನೆ. 2025ರಲ್ಲಿ ಪಾಸ್ಕದ ಮಾರನೇ ದಿನ, ಏಪ್ರಿಲ್ 21ಕ್ಕೆ, ಪೋಪ್ ಫ್ರಾನ್ಸಿಸ್ ತೀರಿಕೊಂಡಾಗ ಅವತ್ತೇ ಸಂಜೆ ಒಂದು ಆಡಿಯೊ ಬಂತು. ಬರೆದುಕೊಂಡು ಓದಿದ್ದಲ್ಲ, ಮಾತು ಅಲ್ಲಲ್ಲಿ ನಿಲ್ಲುತ್ತಿತ್ತು. ಅಲ್ಲೇಲೂಯ ಹಾಡುವ ವಾರದಲ್ಲಿ ಅಳುವುದು ಹೇಗೆ ಅಂತ ಆ ಸಿಸ್ಟರ್ ಕೇಳುತ್ತಿದ್ದರು, ಉತ್ತರ ಕೊಡಲಿಲ್ಲ. ಅದನ್ನು ಇವತ್ತಿಗೂ ಅಳಿಸಿಲ್ಲ.

ಇನ್ನು ಕೊರತೆಗಳು. ಇವೆ, ಮುಚ್ಚಿಡುವುದಿಲ್ಲ.

ಅಂಚೆ ದೊಡ್ಡ ತಲೆನೋವು. 2023ರಲ್ಲಿ ಆಗಮನ ಕಾಲ ಡಿಸೆಂಬರ್ 3ಕ್ಕೆ ಶುರು, ಪುಸ್ತಿಕೆ ನನ್ನ ಕೈ ಸೇರಿದ್ದು 13ಕ್ಕೆ. ಆ ವರ್ಷ ನಾಲ್ಕನೇ ಭಾನುವಾರ ಡಿಸೆಂಬರ್ 24ಕ್ಕೇ ಬಿದ್ದಿದ್ದರಿಂದ ಇಡೀ ಆಗಮನ ಕಾಲ ಇದ್ದದ್ದೇ 22 ದಿನ. ಹತ್ತು ದಿನ ಹಾಗೇ ಹೋಯಿತು. ಹಿಂದಿನ ವರ್ಷ 28 ದಿನ ಇತ್ತು, ಆಗ ತಡವಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಫೋನ್ ಮಾಡಿ ಹೇಳಿದೆ. ಈಗ ತಡವಾದರೆ ಮೊದಲ ವಾರದ ಪುಟಗಳ ಫೋಟೊ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಆದರೂ ಕಾಗದದ ಮೇಲೆ ಓದಿದ ಹಾಗಾಗಲ್ಲ.

ಅಕ್ಷರ ತೀರಾ ಸಣ್ಣದು. ನಮ್ಮ ಚಿಕ್ಕಮ್ಮನಿಗೆ ಓದಲು ಆಗಲಿಲ್ಲ, ನಾನೇ ಓದಿ ಹೇಳಬೇಕಾಯಿತು. ಪುಟ ಉಳಿಸಲು ಹೀಗೆ ಮಾಡುತ್ತಾರೆ ಅಂತ ಗೊತ್ತು. ಇಪ್ಪತ್ತು ರೂಪಾಯಿ ಜಾಸ್ತಿ ತಗೊಂಡು ಅಕ್ಷರ ದೊಡ್ಡದು ಮಾಡಲಿ.

ಸಾಧಾರಣ ಕಾಲದ ಪುಸ್ತಿಕೆ ಸೊರಗಿದೆ. ಮೂವತ್ತಮೂರು ಮೂವತ್ತನಾಲ್ಕು ವಾರಕ್ಕೆ ಹೊಸದಾಗಿ ಬರೆಯುವುದು ಸುಲಭವಲ್ಲ. ಜೂನ್‌ನಲ್ಲಿ ಚೆನ್ನಾಗಿ ಶುರುವಾಗಿ, ಅಕ್ಟೋಬರ್ ಹೊತ್ತಿಗೆ ಅರ್ಧ ಪುಟಕ್ಕೆ ಇಳಿಯುತ್ತದೆ. ಮೊದಲ ವರ್ಷ ಕೆಲವು ಬರಹಗಳು ಇಂಗ್ಲಿಷಿನಿಂದ ಎತ್ತಿಟ್ಟ ಹಾಗಿದ್ದವು, ಮಂಜು ಸುರಿಯುವ ಚಳಿಗಾಲ, ಒಲೆಯ ಮುಂದೆ ಕೂತ ಕುಟುಂಬ ಅಂತೆಲ್ಲ. ನಮ್ಮ ಡಿಸೆಂಬರ್‌ನಲ್ಲಿ ಅವರೆಕಾಯಿ, ಇಬ್ಬನಿ, ಸುಗ್ಗಿ. ಎರಡನೇ ವರ್ಷದಿಂದ ಅದು ಹೆಚ್ಚುಕಡಿಮೆ ನಿಂತಿದೆ.

ಒಂದು ಬರಹ ಮಾತ್ರ ನನಗೆ ನಿಜವಾಗಿ ನೋವು ಕೊಟ್ಟಿತ್ತು. ಕಾಯಿಲೆಯ ನೋವು ದೇವರು ಕೊಟ್ಟ ಉಡುಗೊರೆ ಅನ್ನುವ ಧಾಟಿಯಲ್ಲಿ ಇತ್ತು. ನಾನು ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಮಾಡುವವಳು, ರಿಪೋರ್ಟ್ ತಗೊಳ್ಳಲು ಬರುವವರ ಮುಖ ದಿನಾ ನೋಡುತ್ತೇನೆ. ಅವರ ಮುಂದೆ ನಿಂತು ಆ ಮಾತು ಹೇಳಲು ನನ್ನಿಂದ ಆಗಲ್ಲ ಅಂತ ಎರಡು ಪುಟದ ಕಾಗದ ಬರೆದೆ. ಹದಿನೈದು ದಿನಕ್ಕೆ ಕೈಬರಹದಲ್ಲಿ ಉತ್ತರ ಬಂತು. ತಪ್ಪನ್ನು ಮುಚ್ಚಿಕೊಳ್ಳದೆ, ನೀವು ಹೇಳಿದ್ದನ್ನು ನಾವೆಲ್ಲ ಊಟದ ಮನೆಯಲ್ಲಿ ಕೂತು ಓದಿದೆವು ಅಂತ ಬರೆದಿದ್ದರು. ಮುಂದಿನ ವರ್ಷ ರೋಗಿಗಳ ದಿನಕ್ಕೆ, ಫೆಬ್ರುವರಿ 11ಕ್ಕೆ, ಅದೇ ಸಿಸ್ಟರ್ ಬರೆದ ಬರಹದಲ್ಲಿ ಆ ಮಾತು ಇರಲಿಲ್ಲ. ರೋಗಿಯ ಪಕ್ಕ ಬಾಯಿ ಮುಚ್ಚಿಕೊಂಡು ಕೂರುವುದರ ಬಗ್ಗೆ ಇತ್ತು. ಓದುಗರ ಮಾತು ಕೇಳಿ ಹೀಗೆ ಬದಲಾಗುವವರನ್ನು ನಾನು ಬೇರೆ ಕಂಡಿಲ್ಲ.

ಚಂದಾ ಈಗ ವರ್ಷಕ್ಕೆ 300 ರೂಪಾಯಿ, ಅಂಚೆ ಸೇರಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಳೆದ ಅರ್ಧ ಅಂಚೆಗೆ ಮತ್ತು ಅಕ್ಷರಕ್ಕೆ. ಶ್ರೀಗ್ರಂಥದ (ಬೈಬಲಿನ) ಪಾಠ, ವ್ಯಾಖ್ಯಾನ, ಹೀಬ್ರೂ ಗ್ರೀಕ್ ಪದದ ಅರ್ಥ ಬೇಕು ಅನ್ನುವವರಿಗೆ ಇದು ಸಾಲದು. ದಿನಾ ಓದಲೇಬೇಕು ಅಂತ ಹಟ ಹಿಡಿಯುವವರಿಗೂ ಬೇಡ. ನಾನೇ ವಾರಗಟ್ಟಲೆ ತೆರೆಯದೆ ಇಟ್ಟಿದ್ದೂ ಇದೆ. ತಿರುಗಿ ತೆರೆದಾಗ ಬೈದ ಹಾಗೆ ಅನ್ನಿಸಲ್ಲ.

ಮೊನ್ನೆ ಚಂದಾ ಕಟ್ಟುವಾಗ ಫೋನಿನಲ್ಲಿ ಒಂದು ಮಾತು ಕೇಳಿದೆ. ಮೇ 31 ಮರಿಯಮ್ಮನವರು ನೆಂಟಳಾದ ಎಲಿಜಬೇತಳನ್ನು ನೋಡಲು ಹೋದ ಹಬ್ಬ. ಈ ಸಲ ಅದು ಭಾನುವಾರ, ಅದೂ ಅದಕ್ಕಿಂತ ದೊಡ್ಡದಾದ ತ್ರೈಯೇಕ ದೇವರ ಹಬ್ಬದ ಭಾನುವಾರ. ಹಾಗಾಗಿ ಭೇಟಿಯ ಹಬ್ಬ ಈ ವರ್ಷ ಇಲ್ಲ. ಮುಂದಕ್ಕೂ ಹೋಗಲ್ಲ, ಬಿಟ್ಟೇಹೋಗುತ್ತದೆ. ಬರೆಯುತ್ತೀರಾ ಅಂದೆ. ಒಂದು ಪುಟ ಆಗಲೇ ಪ್ರೆಸ್ಸಿಗೆ ಹೋಗಿದೆ ಅಂದರು ಸಿಸ್ಟರ್. ಬಸುರಿ ಹೆಂಗಸು ಅಷ್ಟು ದೂರ ಬೆಟ್ಟ ಹತ್ತಿ ಬಂದಿರುವಾಗ ಬಾಗಿಲು ತೆಗೆಯದೆ ಇರೋಕಾಗುತ್ತಾ ಅಂದರು.